ಸಿಸೇರಿಯನ್ ಆದ ಮೂವತ್ತನೇ ದಿನ ಆ ಬಾಣಂತಿ ಹೇಗಿದ್ದಾಳೆ? ರಾಯಚೂರು ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ರಾಯಚೂರಿನ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ

ಮಾನ್ಯರೇ,

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಬೇಡಿಕೆ ನ್ಯಾಯವಾದದ್ದು, ನಾವೂ ಅದರ ಜೊತೆಗಿದ್ದೇವೆ. ಈ ಪತ್ರದಲ್ಲಿ ಕೇಳುತ್ತಿರುವುದು ಮಾತ್ರ ಕಟ್ಟಡವನ್ನಲ್ಲ, ಹಾಸಿಗೆಗಳನ್ನೂ ಅಲ್ಲ. ಈಗಿರುವ ಆಸ್ಪತ್ರೆಗಳಿಂದ ಮನೆಗೆ ಹೋದವರು ಒಂದು ತಿಂಗಳ ಮೇಲೆ ಹೇಗಿದ್ದಾರೆ ಎಂದು ಜಿಲ್ಲೆ ವಿಚಾರಿಸಬೇಕು, ಸಿಕ್ಕ ಉತ್ತರವನ್ನು ಬರೆದಿಡಬೇಕು, ಆ ಬರಹವನ್ನು ನೋಡಿ ಕೆಲಸ ತಿದ್ದಿಕೊಳ್ಳಬೇಕು. ಇಷ್ಟೇ ಕೋರಿಕೆ.

ತಿಂಗಳ ಪರಿಶೀಲನಾ ಸಭೆಗೆ ಬರುವ ಅಂಕಿಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿ. ಹೊರರೋಗಿಗಳು ಎಷ್ಟು ಮಂದಿ, ಹೆರಿಗೆ ಎಷ್ಟು, ಅದರಲ್ಲಿ ಸಿಸೇರಿಯನ್ ಎಷ್ಟು, ಕಣ್ಣಿನ ಪೊರೆ ಆಪರೇಷನ್ ಗುರಿಗಿಂತ ಎಷ್ಟು ಹಿಂದೆ. ಎಲ್ಲವೂ ಆಸ್ಪತ್ರೆ ಮಾಡಿದ ಕೆಲಸದ ಲೆಕ್ಕ. ಆ ಕೆಲಸದಿಂದ ರೋಗಿಗೆ ಏನಾಯಿತು ಎನ್ನುವುದು ಕೇಸ್ ಶೀಟಿನ ಕೊನೆಯ ಪುಟದ ಒಂದು ಸಣ್ಣ ಕಾಲಮ್ಮಿನಲ್ಲಿ ಮುಗಿದುಹೋಗುತ್ತದೆ: ಗುಣವಾಗಿದೆ, ಸುಧಾರಿಸಿದೆ, ಮೇಲಿನ ಆಸ್ಪತ್ರೆಗೆ ಕಳಿಸಿದೆ, ವೈದ್ಯರ ಸಲಹೆ ಮೀರಿ ಹೋದರು, ಮರಣ. 'ಸುಧಾರಿಸಿದೆ' ಎಂದು ಬರೆದಾಗ ಹೊಲಿಗೆ ಇನ್ನೂ ಹಸಿಯಾಗಿರುತ್ತದೆ. 'ಕಳಿಸಿದೆ' ಎಂದು ಬರೆದವರು ಆಂಬ್ಯುಲೆನ್ಸಿನಲ್ಲಿ ಬದುಕಿದರೋ ಇಲ್ಲವೋ ಕಳಿಸಿದವರಿಗೆ ತಿಳಿಯುವುದಿಲ್ಲ. ಇನ್ನು ಆಸೆ ಬಿಟ್ಟ ಮೇಲೆ 'ಮನಿಗೆ ಒಯ್ತೀವ್ರಿ' ಎಂದು ಸಹಿ ಹಾಕಿ ಕರೆದೊಯ್ದವರ ಸಾವು ಆಸ್ಪತ್ರೆಯ ಸಾವಿನ ಪಟ್ಟಿಯಲ್ಲಿ ಇರುವುದೇ ಇಲ್ಲ. ಹೀಗೆ ಒಯ್ಯುವವರು ಹೆಚ್ಚಿದಷ್ಟೂ ಆಸ್ಪತ್ರೆಯ ಮರಣ ಪ್ರಮಾಣ ಕಾಗದದ ಮೇಲೆ ಇಳಿಯುತ್ತದೆ.

ಆರೋಗ್ಯ ಸೇವೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರು ಕಡೆಯಿಂದ ನೋಡಬೇಕೆಂದು ವೈದ್ಯ ಅವೆಡಿಸ್ ಡೊನಬೀಡಿಯನ್ 1966ರಲ್ಲೇ ಬರೆದರು. ಆಪರೇಷನ್ ಕೋಣೆ, ಡಾಕ್ಟರು, ರಕ್ತನಿಧಿ ರಚನೆ. ಚರ್ಮ ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಆಂಟಿಬಯಾಟಿಕ್ ಕೊಟ್ಟರೇ ಎನ್ನುವುದು ಪ್ರಕ್ರಿಯೆ. ಗಾಯ ಕೀವಾಗದೆ ಮಾಯಿತೇ, ತಾಯಿ ಎದ್ದು ಓಡಾಡಿದಳೇ ಎನ್ನುವುದು ಫಲಿತಾಂಶ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ 2013ರಿಂದ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಿವೆ. ಅದರ ಎಂಟು ವಿಭಾಗಗಳಲ್ಲಿ ಫಲಿತಾಂಶ ಕೊನೆಯದು, ಅಲ್ಲಿಯೂ ಹೆಚ್ಚಿನದು ಆಸ್ಪತ್ರೆಯ ಗೋಡೆಯೊಳಗೆ ಸಿಗುವ ಲೆಕ್ಕ. ಗೇಟು ದಾಟಿದ ಮೇಲಿನದು ಯಾರ ಜವಾಬ್ದಾರಿಯೂ ಅಲ್ಲದಂತೆ ಉಳಿದಿದೆ.

ಇದು ನಮ್ಮಲ್ಲಿ ಆಗದ ಕೆಲಸ ಎನ್ನುವವರಿಗೆ ಕ್ಷಯರೋಗ ವಿಭಾಗದ ರಿಜಿಸ್ಟರ್ ತೋರಿಸಬೇಕು. ಹೆಸರು ಬರೆಸಿದ ಪ್ರತಿಯೊಬ್ಬರ ಮುಂದೆಯೂ ಕೊನೆಗೆ ಒಂದು ಫಲಿತಾಂಶ ಇರಲೇಬೇಕು: ಗುಣವಾದರು, ಚಿಕಿತ್ಸೆ ಮುಗಿಸಿದರು, ಚಿಕಿತ್ಸೆ ಫಲಿಸಲಿಲ್ಲ, ಕೈತಪ್ಪಿ ಹೋದರು, ತೀರಿಕೊಂಡರು. ಕೈತಪ್ಪಿದವರೂ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ಚಿಕಿತ್ಸೆ ಮುಗಿದ ಮೇಲೂ ಆರು ತಿಂಗಳಿಗೊಮ್ಮೆ ಎರಡು ವರ್ಷ ನೋಡಬೇಕೆಂಬ ನಿಯಮವಿದೆ. ಇದೇ ಶಿಸ್ತನ್ನು ಉಳಿದ ಕಡೆಗೂ ತನ್ನಿ ಎಂದು ಕೇಳುತ್ತಿದ್ದೇವೆ.

ಮೊದಲು ಸಿಸೇರಿಯನ್‌ನಿಂದ ಶುರುಮಾಡಿ. ಇದನ್ನೇ ಆರಿಸಲು ಕಾರಣವಿದೆ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು ಆಪರೇಷನ್ ಆದ ದಿನದಿಂದ 30 ದಿನಗಳವರೆಗೆ ಎಣಿಸಬೇಕು ಎಂಬುದು ಲೋಕವೆಲ್ಲ ಒಪ್ಪಿದ ಅಳತೆ. ಸೋಂಕು ಎದ್ದು ಕಾಣುವುದು ಸಾಮಾನ್ಯವಾಗಿ ಐದನೆಯ ದಿನದಿಂದ ಹತ್ತನೆಯ ದಿನದ ಆಸುಪಾಸಿನಲ್ಲಿ. ಅಷ್ಟರಲ್ಲಿ ತಾಯಿ ಮನೆ ಸೇರಿರುತ್ತಾಳೆ. ಯಾವ ಮನೆ? ಇಲ್ಲಿಯೇ ನಮ್ಮ ದಾಖಲೆ ಮುಗ್ಗರಿಸುವುದು. ತಾಯಿ ಕಾರ್ಡಿನಲ್ಲಿ ಗಂಡನ ಊರು, ಗಂಡನ ಮೊಬೈಲು. ಬಾಣಂತನ ಮಾತ್ರ ತವರಿನಲ್ಲಿ, ಅದು ಇನ್ನೊಂದು ತಾಲ್ಲೂಕು, ಕೆಲವೊಮ್ಮೆ ಗಡಿಯಾಚೆಯ ಗದ್ವಾಲ, ಆದವಾನಿ. ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಆಕೆ ಕಾಣುವುದಿಲ್ಲ. ತವರೂರಿನ ಆಶಾಗೆ ಆಕೆಯ ಹೆಸರೇ ಬಂದಿರುವುದಿಲ್ಲ. ಹೊಲಿಗೆ ಕೀವಾದರೆ ಹತ್ತಿರದ ಯಾವುದೋ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಮಾಡಿಸುತ್ತಾರೆ, ಡ್ರೆಸ್ಸಿಂಗಿಗೆ ಸಾಲ ಮಾಡುತ್ತಾರೆ. ಆಪರೇಷನ್ ಮಾಡಿದ ಡಾಕ್ಟರಿಗೆ ಗೊತ್ತೇ ಆಗುವುದಿಲ್ಲ. ಅವರು ಪ್ರಾಮಾಣಿಕವಾಗಿಯೇ 'ನಮ್ಮಲ್ಲಿ ಸೋಂಕು ಇಲ್ಲ' ಎನ್ನುತ್ತಾರೆ, ಏಕೆಂದರೆ ಅವರ ಕಣ್ಣಿಗೆ ಒಂದೂ ಬಿದ್ದಿಲ್ಲ.

ಆದ್ದರಿಂದ ಡಿಸ್ಚಾರ್ಜ್ ಚೀಟಿ ಬರೆಯುವಾಗಲೇ ಮೂರು ಸಂಗತಿ ಕೇಳಬೇಕು. ಮುಂದಿನ ಒಂದು ತಿಂಗಳು ಯಾವ ಊರಿನಲ್ಲಿ, ಯಾವ ತಾಲ್ಲೂಕಿನಲ್ಲಿ ಇರುತ್ತೀರಿ? ಆ ಮನೆಯಲ್ಲಿ ಯಾರ ಹತ್ತಿರ ಫೋನ್ ಇರುತ್ತದೆ, ಅವರು ನಿಮಗೇನಾಗಬೇಕು? ಅದು ಹತ್ತದಿದ್ದರೆ ಇನ್ನೊಂದು ನಂಬರ್ ಯಾವುದು? ಬರೆದುಕೊಂಡ ನಂಬರಿಗೆ ಅಲ್ಲಿಯೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಬೇಕು. ಒಂದಂಕಿ ತಪ್ಪಿದ್ದರೆ ಆಗಲೇ ಸಿಗುತ್ತದೆ.

ಕರೆ ಎರಡು ಸಲ ಹೋಗಬೇಕು. ಆಪರೇಷನ್ ಆದ ಹತ್ತನೆಯ ದಿನದ ಕರೆ ಆರೈಕೆಗಾಗಿ, ಮೂವತ್ತನೆಯ ದಿನದ್ದು ಲೆಕ್ಕಕ್ಕಾಗಿ. ಪ್ರಶ್ನೆಗಳು ಮನೆಮಾತಿನಲ್ಲಿರಲಿ. ಹೊಲಿಗೆ ಹಾಕಿದ ಜಾಗದಿಂದ ಕೀವು ಅಥವಾ ನೀರು ಬಂತೇ? ಹೊಲಿಗೆ ತಾನೇ ಬಿಚ್ಚಿತೇ, ಯಾರಾದರೂ ಬಿಚ್ಚಿದರೇ? ಜ್ವರ ಎಷ್ಟು ದಿನ? ವಾಸನೆಯ ಸ್ರಾವ ಇದೆಯೇ? ಬೇರೆ ಕಡೆ ತೋರಿಸಿದಿರಾ, ಕೈಯಿಂದ ಎಷ್ಟು ಖರ್ಚಾಯಿತು? ಮಗು ಹಾಲು ಕುಡಿಯುತ್ತಿದೆಯೇ? ಫೋನಿನಲ್ಲಿ 'ಕೀವು' ಎಂದದ್ದೆಲ್ಲ ಸೋಂಕಲ್ಲ, ನಿಜ. ಹೌದು ಎಂದವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗಾಯ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಎಣಿಸಬೇಕು.

ಬಾಣಂತಿಯ ಮನಸ್ಸಿನ ಸ್ಥಿತಿ ಕೇಳಲು ಎಡಿನ್‌ಬರೋ ಪ್ರಶ್ನಾವಳಿ ಇದೆ. ಹತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ, ಕನ್ನಡದಲ್ಲೂ ಬಳಕೆಯಲ್ಲಿದೆ. ಅದನ್ನು ಗಂಡನ ಕೈಯಲ್ಲಿರುವ ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅತ್ತೆಯ ಎದುರು ಬರುವ ಉತ್ತರ ಉತ್ತರವೇ ಅಲ್ಲ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಅಂಕ ಬಂದರೂ ಅವತ್ತೇ ಒಬ್ಬರು ಆ ತಾಯಿಯ ಜೊತೆ ಮಾತಾಡಬೇಕು. 14416 ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಈ ಏರ್ಪಾಡು ಕೈಯಲ್ಲಿಲ್ಲದೆ ಆ ಪ್ರಶ್ನೆಯನ್ನು ಕೇಳಲೇಬಾರದು.

ನೆರೆಯ ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ದ್ರಾವಣದ ಮೇಲೆ ಸಂಶಯ ಬಂದು ಆ ಪೂರೈಕೆಯ ಬಳಕೆಯನ್ನು ಸರ್ಕಾರ ತಡೆಹಿಡಿಯಿತು. ಆ ಮನೆಗಳ ದುಃಖವನ್ನು ಅಂಕಿಯಾಗಿ ನೋಡಬಾರದು. ಆದರೆ ಅದರಿಂದ ಕಲಿಯಲೇಬೇಕಾದ ಒಂದು ಸಂಗತಿಯಿದೆ. ಯಾವ ತಾಯಿಗೆ ಯಾವ ಬಾಟಲಿ ಏರಿಸಿದರು ಎಂಬುದು ಕೇಸ್ ಶೀಟಿನಲ್ಲಿ ಬ್ಯಾಚ್ ನಂಬರ್ ಸಮೇತ ಇದ್ದರೆ ಎರಡನೆಯ ಅಥವಾ ಮೂರನೆಯ ತಾಯಿಗೆ ಮೂತ್ರ ಕಡಿಮೆಯಾದಾಗಲೇ (ಕಿಡ್ನಿ ಕೆಡುತ್ತಿರುವ ಸೂಚನೆ) ಅವರೆಲ್ಲರಿಗೂ ಸಮಾನವಾದದ್ದೇನೆಂದು ಹುಡುಕಬಹುದು. ಬರೀ 'ಆರ್‌ಎಲ್ 2' ಎಂದಿದ್ದರೆ ಸ್ಟೋರಿನ ಲೆಡ್ಜರು ತೆಗೆದು ಅಂದಾಜು ಮಾಡುತ್ತಾ ಕೂರಬೇಕು. ಬಾಟಲಿಯ ಮೇಲಿನ ಬ್ಯಾಚ್ ನಂಬರ್ ಬರೆಯಲು ಅರ್ಧ ನಿಮಿಷ ಸಾಕು. ಇಂಥ ಅಪರೂಪದ ಗಂಭೀರ ಘಟನೆಗಳಿಗೆ ಶೇಕಡಾವಾರು ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಎರಡು ಘಟನೆಗಳ ನಡುವೆ ಎಷ್ಟು ದಿನ ಅಥವಾ ಎಷ್ಟು ಆಪರೇಷನ್ ಕಳೆದವು ಎಂದು ಬರೆಯುತ್ತಾ ಹೋಗಬೇಕು. ಆ ಅಂತರ ಒಮ್ಮೆಲೆ ಕಿರಿದಾದರೆ ಅದೇ ಗಂಟೆಯ ಸದ್ದು.

ಈಗ ಲೆಕ್ಕದಲ್ಲಿ ಎಡವುವ ಜಾಗಗಳನ್ನು ಹೇಳಬೇಕು, ಏಕೆಂದರೆ ಅರ್ಧಂಬರ್ಧ ಅಳತೆ ಅಳೆಯದಿರುವುದಕ್ಕಿಂತ ಕೆಟ್ಟದ್ದು ಮಾಡೀತು.

ನೂರು ತಾಯಂದಿರಿಗೆ ಫೋನ್ ಮಾಡಿದಿರಿ, 60 ಮಂದಿ ಸಿಕ್ಕರು, ಅವರಲ್ಲಿ 54 ಮಂದಿ ಆರಾಮಾಗಿದ್ದಾರೆ ಎಂದುಕೊಳ್ಳಿ. ಶೇ. 90 ಚೆನ್ನಾಗಿದ್ದಾರೆ ಎಂದು ಸಭೆಯಲ್ಲಿ ಹೇಳಿದರೆ ಅದು ತಪ್ಪು. ಸಿಗದ 40 ಮಂದಿಯೂ ಆರಾಮಾಗಿದ್ದರೆ ಶೇ. 94, ಒಬ್ಬರೂ ಇಲ್ಲದಿದ್ದರೆ ಶೇ. 54. ಸತ್ಯ ಈ ಎರಡರ ನಡುವೆ ಎಲ್ಲೋ ಇದೆ. ಸಿಗದವರು ಸಿಕ್ಕವರಂಥವರಲ್ಲ. ಅವರು ಹೆಚ್ಚಾಗಿ ಬಡವರು, ಗುಳೆ ಹೋದವರು, ಇನ್ನೊಂದು ಆಸ್ಪತ್ರೆಯಲ್ಲಿ ಮಲಗಿರುವವರು. ಹಾಗಾಗಿ ವರದಿಯ ಮೊದಲ ಸಾಲಿನಲ್ಲಿಯೇ ಎಷ್ಟು ಮಂದಿ ಸಿಗಲಿಲ್ಲ ಎಂದಿರಬೇಕು. ಬಾಣಂತಿಯರ ವಿಷಯದಲ್ಲಿ ಇನ್ನೊಂದು ದಾರಿಯೂ ಇದೆ. ನವಜಾತ ಶಿಶುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತಾರೆ. ಫೋನಿಗೆ ಸಿಗದ ಹೆಸರುಗಳು 42ನೇ ದಿನಕ್ಕೆ ಮುಂಚೆ ತವರೂರಿನ ಆಶಾ ಕೈ ಸೇರಿದರೆ ಅರ್ಧ ಕೊರತೆ ತುಂಬೀತು. ದೀರ್ಘಕಾಲದ ರೋಗಿಗಳು ಗುಳೆ ಹೋಗಿದ್ದರೆ ಉಗಾದಿಗೋ, ಮೊಹರಂಗೋ, ಊರ ಜಾತ್ರೆಗೋ ಬಂದೇ ಬರುತ್ತಾರೆ. ಮರುಭೇಟಿಯ ದಿನವನ್ನು ಕ್ಯಾಲೆಂಡರಿನ 90ನೇ ದಿನಕ್ಕೆ ಕಟ್ಟಿಹಾಕದೆ ಆ ವಾರಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ಎಡವುವ ಜಾಗ ಸಣ್ಣ ಸಂಖ್ಯೆ. ತಿಂಗಳಿಗೆ 40 ಸಿಸೇರಿಯನ್ ಮಾಡುವ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸೋಂಕಾದರೆ ಶೇ. 2.5, ಮುಂದಿನ ತಿಂಗಳು ಮೂರಾದರೆ ಶೇ. 7.5. ಮೂರು ಪಟ್ಟು ಏರಿತೆಂದು ನೋಟಿಸ್ ಕೊಟ್ಟರೆ ಅನ್ಯಾಯ. ಇಷ್ಟು ಏರಿಳಿತ ಕಾಕತಾಳೀಯವಾಗಿಯೂ ಬರುತ್ತದೆ. ತಿಂಗಳ ಅಂಕಿಗಳನ್ನು ಗೆರೆಚಿತ್ರದಲ್ಲಿ ಗುರುತಿಸಿ ನಡುವೆ ಮಧ್ಯಾಂಕದ ಗೆರೆ (ಅರ್ಧ ಬಿಂದು ಮೇಲೆ, ಅರ್ಧ ಕೆಳಗೆ ಬೀಳುವಂಥದ್ದು) ಎಳೆಯಿರಿ. ಸತತ ಆರು ಬಿಂದು ಆ ಗೆರೆಯ ಒಂದೇ ಮಗ್ಗುಲಿಗೆ ಬಿದ್ದರೆ ನಿಜವಾಗಿ ಏನೋ ಬದಲಾಗಿದೆ ಎಂದರ್ಥ. ಸೊನ್ನೆಯನ್ನೂ ಹಾಗೆಯೇ ನಂಬಬೇಡಿ. 60 ಆಪರೇಷನ್‌ಗಳಲ್ಲಿ ಒಂದೂ ಸೋಂಕಿಲ್ಲ ಎಂದರೆ, ಸೊನ್ನೆ ಬಂದಾಗ ಬಳಸುವ ಅಂದಾಜು ಸೂತ್ರದಂತೆ ಮೂರನ್ನು ಅರವತ್ತರಿಂದ ಭಾಗಿಸಿ. ನಿಜವಾದ ಪ್ರಮಾಣ ಶೇ. 5ರವರೆಗೂ ಇರಬಹುದು.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಆಗುವುದು ಆಸ್ಪತ್ರೆಗಳನ್ನು ಹೋಲಿಸುವಾಗ. ತುರ್ತು ಸಿಸೇರಿಯನ್‌ನಲ್ಲಿ ಶೇ. 10, ಮೊದಲೇ ನಿಗದಿಯಾದದ್ದರಲ್ಲಿ ಶೇ. 5 ಸೋಂಕು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎರಡೂ ಆಸ್ಪತ್ರೆಗಳ ಕೈಗುಣ ಒಂದೇ. ಜಿಲ್ಲಾ ಮಟ್ಟದ ಆಸ್ಪತ್ರೆಗೆ ಬಂದ 200ರಲ್ಲಿ 160 ತುರ್ತು, 40 ನಿಗದಿತ: 16 ಮತ್ತು 2 ಸೇರಿ 18 ಸೋಂಕು, ಅಂದರೆ ಶೇ. 9. ತಾಲ್ಲೂಕಿನ 100ರಲ್ಲಿ 20 ತುರ್ತು, 80 ನಿಗದಿತ: 2 ಮತ್ತು 4 ಸೇರಿ 6, ಅಂದರೆ ಶೇ. 6. ಕೆಲಸ ಒಂದೇ ತೂಕದ್ದು, ಅಂಕಿ ಒಂದೂವರೆ ಪಟ್ಟು. ದೇವದುರ್ಗ, ಮಸ್ಕಿ, ಲಿಂಗಸುಗೂರಿನಿಂದ ಕೊನೆಯ ಗಳಿಗೆಯಲ್ಲಿ ಬಂದ ತಾಯಿಯನ್ನು ಒಳಗೆ ಕರೆದುಕೊಂಡ ಆಸ್ಪತ್ರೆಯನ್ನು ಈ ಹೋಲಿಕೆ ಶಿಕ್ಷಿಸುತ್ತದೆ. ಶಿಕ್ಷೆಗೆ ಹೆದರಿದವರು ಮುಂದಿನ ಸಲ ಬಾಗಿಲಲ್ಲೇ 'ಹುಬ್ಬಳ್ಳಿಗೆ ಒಯ್ಯಿರಿ' ಎನ್ನುತ್ತಾರೆ. ಇದನ್ನು ತಪ್ಪಿಸಲು ಆಪರೇಷನ್ನಿಗೆ ಮುಂಚೆಯೇ ನಾಲ್ಕು ಸಂಗತಿ ಬರೆದಿರಬೇಕು: ತುರ್ತೋ ನಿಗದಿತವೋ, ಹಿಮೋಗ್ಲೋಬಿನ್ ಎಷ್ಟು, ನೀರು ಒಡೆದು ಎಷ್ಟು ಗಂಟೆಯಾಗಿತ್ತು, ಬೇರೆ ಕಡೆಯಿಂದ ಕಳಿಸಿದ್ದೇ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದ ತಾಯಿಯನ್ನು 11 ಇದ್ದವಳ ಜೊತೆ ಹೋಲಿಸಬಾರದು. ಸಿಸೇರಿಯನ್‌ಗಳನ್ನು ಹೋಲಿಸಲು, ಮೊದಲ ಹೆರಿಗೆಯೇ, ಹಿಂದೆ ಸಿಸೇರಿಯನ್ ಆಗಿತ್ತೇ ಎಂಬಂಥ ಸಂಗತಿ ನೋಡಿ ತಾಯಂದಿರನ್ನು ಬೇರ್ಪಡಿಸುವ ರಾಬ್ಸನ್ನರ ಹತ್ತು ಗುಂಪುಗಳ ವಿಂಗಡಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಶಿಫಾರಸು ಮಾಡುತ್ತಿದೆ, ಅದನ್ನೇ ಬಳಸಿ.

ಸಿಗದವರನ್ನು ಲೆಕ್ಕದಿಂದ ಬಿಡುವ ರೋಗ ರಕ್ತದೊತ್ತಡದ ಕ್ಲಿನಿಕ್ಕುಗಳಲ್ಲಿ ಇನ್ನೊಂದು ರೂಪದಲ್ಲಿದೆ. ಹೆಸರು ಬರೆಸಿದವರು 1000, ಈ ಮೂರು ತಿಂಗಳಲ್ಲಿ ಬಂದವರು 400, ಅದರಲ್ಲಿ 140/90ಕ್ಕಿಂತ ಕೆಳಗಿರುವವರು 280 ಎನ್ನಿ. ಹತೋಟಿ ಶೇ. 70 ಅಲ್ಲ, ಶೇ. 28. ಬಾರದ 600 ಮಂದಿಯೂ ನಮ್ಮ ರೋಗಿಗಳೇ.

ಕಣ್ಣಿನ ಪೊರೆಯಲ್ಲಿ ಅಳತೆ ಸುಲಭ, ಆದರೂ ಎಣಿಸುವುದು ಆಪರೇಷನ್‌ಗಳನ್ನೇ. ಆರು ವಾರಗಳ ಮೇಲೆ ಆರು ಮೀಟರ್ ದೂರದ ಪಟ್ಟಿಯಲ್ಲಿ ಎಷ್ಟು ಕಾಣುತ್ತದೆ ಎಂದು ನೋಡಬೇಕು. ಓದು ಬಾರದವರಿಗೆ ನಾಲ್ಕು ದಿಕ್ಕಿಗೆ ತಿರುಗಿದ 'ಇ' ಅಕ್ಷರದ ಪಟ್ಟಿ ಇದೆ. ನೂರರಲ್ಲಿ 80 ಮಂದಿಗಾದರೂ 6/18 (ಸರಿಯಾದ ಕಣ್ಣಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿನಿಂದ ಕಾಣುವುದು) ಅಥವಾ ಅದಕ್ಕಿಂತ ಚೆನ್ನಾಗಿ ಕಾಣಬೇಕು, 6/60ಕ್ಕಿಂತ ಕಡಿಮೆ ಕಾಣುವವರು ಐದಕ್ಕೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಅಳತೆ. ಇದಕ್ಕೆ ನಾವು ಎರಡು ಪ್ರಶ್ನೆ ಸೇರಿಸುತ್ತೇವೆ: ಅಕ್ಕಿಯಲ್ಲಿ ಕಲ್ಲು ಆರಿಸಲು ಆಗುತ್ತದೆಯೇ? ಹತ್ತಿ ಬಿಡಿಸಲು ಹೋಗಿದ್ದೀರಾ?

ಈ ಎರಡು ಪ್ರಶ್ನೆ ನಮ್ಮನ್ನು ಜೀವನದ ಗುಣಮಟ್ಟದ ಅಳತೆಗೆ ತಂದು ನಿಲ್ಲಿಸುತ್ತವೆ. ಇದಕ್ಕೆ ಸಿದ್ಧ ಪ್ರಶ್ನಾವಳಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಚಿಕ್ಕ ಪ್ರಶ್ನಾವಳಿಯಲ್ಲಿ 26 ಪ್ರಶ್ನೆಗಳಿವೆ, ಕನ್ನಡದಲ್ಲೂ ಸಿಗುತ್ತದೆ. ಇಕ್ಯೂ-5ಡಿ ಎಂಬುದು ಇನ್ನೂ ಚಿಕ್ಕದು: ಓಡಾಟ, ತನ್ನ ಮೈ ತಾನು ನೋಡಿಕೊಳ್ಳುವುದು, ದಿನದ ಕೆಲಸ, ನೋವು, ಮನಸ್ಸಿನ ಆತಂಕ. ಐದಕ್ಕೂ ಐದೈದು ಹಂತ, ಒಟ್ಟು 3125 ಬಗೆಯ ಸ್ಥಿತಿಗಳು. ಜೊತೆಗೆ 0ರಿಂದ 100ರ ಒಂದು ಅಳತೆಪಟ್ಟಿ. ಅದನ್ನು ಬಳಸಲು ಅನುಮತಿ ಬೇಕು, ಪದಗಳನ್ನು ನಮಗೆ ಬೇಕಾದಂತೆ ಬದಲಿಸುವಂತಿಲ್ಲ. ಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೇಳದಿದ್ದರೆ ಬಂದ ಅಂಕದಿಂದ ಏನೂ ತಿಳಿಯುವುದಿಲ್ಲ.

ಭಾಷೆಯ ತೊಡಕು ಇಲ್ಲಿ ಸಣ್ಣದಲ್ಲ. 'ಖಿನ್ನತೆ ಇದೆಯೇ' ಎಂದರೆ ಸಿರವಾರದ ಅಜ್ಜಿಗೆ ಅರ್ಥವಾಗುವುದಿಲ್ಲ. ಆಕೆಯ ಬಾಯಲ್ಲಿ ಅದು 'ಜೀವಕ್ಕ ಬ್ಯಾಸರ', 'ಮನಸ್ಸಿಗೆ ಸಮಾಧಾನ ಇಲ್ಲ'. ನೂರಕ್ಕೆ ಎಷ್ಟು ಆರಾಮ ಎಂದರೆ ತಡವರಿಸುವವರು 'ರೂಪಾಯಿದಾಗ ಎಂಟಾಣೆ ಆರಾಮ ಆಗ್ಯಾದ್ರಿ' ಎಂದು ಥಟ್ಟನೆ ಹೇಳುತ್ತಾರೆ. ಪ್ರಶ್ನಾವಳಿಯ ಮೂಲ ಪದ ಹಾಗೆಯೇ ಇರಲಿ, ಆದರೆ ಕೇಳುವ ಮುಂಚೆ ಇಂಥ ಮಾತಿನಿಂದ ಅಳತೆಯ ಕಲ್ಪನೆ ಕೊಡಬಹುದು. ತಾವೇ ಹೊಸ ಪ್ರಶ್ನೆ ಬರೆಯುವುದಾದರೆ ಊರಿನ ಐದಾರು ಮಂದಿಯ ಮುಂದೆ ಓದಿ, ನಿಮಗೆ ಏನು ತಿಳಿಯಿತು, ನಿಮ್ಮ ಮಾತಿನಲ್ಲಿ ಹೇಳಿ ಎಂದು ಕೇಳಿ ಆಮೇಲೆ ಅಚ್ಚು ಹಾಕಿಸಿ. ತೆಲುಗು, ಉರ್ದು, ಲಂಬಾಣಿ ಮಾತಾಡುವ ಮನೆಗಳಿಗೆ ಆ ಭಾಷೆಯವರೇ ಕರೆ ಮಾಡಲಿ.

ಯಾರು ಕೇಳುತ್ತಾರೆ ಎಂಬುದರ ಮೇಲೆಯೇ ಉತ್ತರ ನಿಂತಿದೆ. ಚಿಕಿತ್ಸೆ ಮಾಡಿದ ವಾರ್ಡಿನ ಸಿಸ್ಟರ್ ಕೇಳಿದರೆ ಎಲ್ಲರೂ 'ಚಲೋ ಅದೀನ್ರಿ ಅಕ್ಕಾರ' ಎನ್ನುತ್ತಾರೆ. ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕಲ್ಲ. ಕೇಳುವವರು ಆ ಆಸ್ಪತ್ರೆಯ ಸಂಬಳದವರಾಗಿರಬಾರದು.

ಫ್ಲೋರೈಡ್ ನೀರಿನ ಊರುಗಳನ್ನು ಇಲ್ಲಿ ನೆನಪಿಸದೆ ಇರಲಾರೆವು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ವರ್ಷಗಟ್ಟಲೆ ಅದಕ್ಕಿಂತ ಬಹಳ ಹೆಚ್ಚು ಕುಡಿದವರ ಮೂಳೆ, ಕೀಲು ಬಿಗಿದ ಮೇಲೆ ಹಿಂದಿನಂತೆ ಮಾಡುವ ಔಷಧಿಯಿಲ್ಲ. ಅವರು ಸಾವಿನ ಪಟ್ಟಿಯಲ್ಲೂ ಬರುವುದಿಲ್ಲ, ಗುಣವಾದವರ ಪಟ್ಟಿಯಲ್ಲೂ ಬರುವುದಿಲ್ಲ. ಅವರ ಕಷ್ಟ ಕಾಣುವುದು ಜೀವನದ ಗುಣಮಟ್ಟದ ಅಳತೆಯಲ್ಲಿ ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ಯುರೋಪಿನಲ್ಲಿ ಹುಟ್ಟಿದ ಪ್ರಶ್ನಾವಳಿ ನಡೆಯಲು ಆಗುತ್ತದೆಯೇ ಎಂದು ಕೇಳುತ್ತದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳಲು, ಕುಕ್ಕರುಗಾಲಲ್ಲಿ ಕೂರಲು ಆಗುತ್ತದೆಯೇ ಎಂದು ಕೇಳುವುದಿಲ್ಲ. ಇವೆರಡನ್ನೂ ಬೇರೆಯಾಗಿ ಸೇರಿಸಲೇಬೇಕು. ಶುದ್ಧ ನೀರಿನ ಘಟಕ ಕೂರಿಸುವ ಮುಂಚೆ ಮತ್ತು ಎರಡು ವರ್ಷದ ಮೇಲೆ ಅದೇ ಊರಿನಲ್ಲಿ ಅದೇ ಪ್ರಶ್ನೆ ಕೇಳಿದರೆ, ಘಟಕಕ್ಕೆ ಹಾಕಿದ ಹಣ ಜನರ ಮೈಗೆ ಹತ್ತಿತೇ ಇಲ್ಲವೇ ತಿಳಿಯುತ್ತದೆ.

ಖರ್ಚಿನ ಮಾತು. ತಿಂಗಳಿಗೆ 200 ಸಿಸೇರಿಯನ್ ಎಂದು ಹಿಡಿದರೆ ಎರಡು ಸಲದಂತೆ 400 ಕರೆ. ಒಂದಕ್ಕೆ 8 ನಿಮಿಷ, ಹತ್ತದ ಪ್ರಯತ್ನಗಳಿಗೆ ಇನ್ನೆರಡು ನಿಮಿಷ ಸೇರಿಸಿ ಒಟ್ಟು 4000 ನಿಮಿಷ, ಸುಮಾರು 67 ಗಂಟೆ. ಮನೆಯ ಫೋನ್ ಇಟ್ಟುಕೊಂಡವರು ಹೊಲದಿಂದ, ಕೂಲಿಯಿಂದ ಬರುವುದು ಸಂಜೆಗೆ. ಆದ್ದರಿಂದ ರಾತ್ರಿ 7ರಿಂದ 9.30ರವರೆಗೆ ಕರೆ ಮಾಡಬೇಕು. ಇಬ್ಬರು ಹಂಚಿಕೊಂಡರೆ ಒಬ್ಬೊಬ್ಬರಿಗೆ ತಿಂಗಳಲ್ಲಿ 14 ಸಂಜೆಗೂ ಮೀರದ ಕೆಲಸ. ಎರಡು ಫೋನು, ಒಂದು ಕಂಪ್ಯೂಟರು, ಲೆಕ್ಕ ಬಲ್ಲ ಒಬ್ಬರು ಬೇಕು. ಮಂಡಳಿ ಆಸ್ಪತ್ರೆ ಕಟ್ಟಡಗಳಿಗೆ ಕೊಡುವ ಅನುದಾನದ ಪಕ್ಕದಲ್ಲಿ ಇದು ಕಾಣಿಸುವಷ್ಟು ದೊಡ್ಡ ಮೊತ್ತವೇ ಅಲ್ಲ.

ಒಂದು ಷರತ್ತನ್ನು ಕೈಮುಗಿದು ಕೇಳುತ್ತೇವೆ: ಮೊದಲ ಒಂದು ವರ್ಷ ಈ ಅಂಕಿಗಳ ಮೇಲೆ ಯಾರಿಗೂ ನೋಟಿಸ್ ಕೊಡಬೇಡಿ, ಬಹುಮಾನವನ್ನೂ ಕೊಡಬೇಡಿ. ಎರಡರಲ್ಲಿ ಯಾವುದು ಬಂದರೂ ಅಂಕಿ ಸುಧಾರಿಸುತ್ತದೆ, ರೋಗಿ ಸುಧಾರಿಸುವುದಿಲ್ಲ. ಹೆರಿಗೆ ಕೋಣೆಯ ವೈದ್ಯರು, ನರ್ಸುಗಳು, ಸ್ವಚ್ಛತಾ ಸಿಬ್ಬಂದಿ ತಿಂಗಳಿಗೊಮ್ಮೆ ಒಟ್ಟಿಗೆ ಕೂತು ತಮ್ಮದೇ ಗೆರೆಚಿತ್ರ ನೋಡಲಿ. ಆಂಟಿಬಯಾಟಿಕ್ ತಡವಾಯಿತೇ, ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವ್ ಕೆಟ್ಟಿತ್ತೇ, ರಾತ್ರಿ ಪಾಳಿಯಲ್ಲಿ ನೀರಿರಲಿಲ್ಲವೇ ಎಂದು ಅವರೇ ಹುಡುಕಲಿ. ವರ್ಷ ತುಂಬಿದ ಮೇಲೆ, ಮೇಲೆ ಹೇಳಿದ ಹೊಂದಾಣಿಕೆಗಳೊಡನೆ ತಾಲ್ಲೂಕುವಾರು ಫಲಿತಾಂಶವನ್ನು ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ. ಯಾವ ರೋಗಿಯ ಹೆಸರು, ಊರು ಅದರಲ್ಲಿ ಬರಬಾರದು.

ಮುಂದಿನ ಪರಿಶೀಲನಾ ಸಭೆಯ ವಿಷಯಪಟ್ಟಿಯಲ್ಲಿ ಸಿಸೇರಿಯನ್ ಸಂಖ್ಯೆಯ ಪಕ್ಕ ಎರಡು ಕಾಲಮ್ ಸೇರಿಸಲು ಕೋರುತ್ತೇವೆ: '30ನೇ ದಿನ ಸಂಪರ್ಕಕ್ಕೆ ಸಿಕ್ಕವರು', 'ಅವರಲ್ಲಿ ಗಾಯದ ಸೋಂಕು ಆದವರು'. ಮೊದಲ ತಿಂಗಳು ಎರಡೂ ಖಾಲಿ ಇರುತ್ತವೆ, ಇರಲಿ. ಕರೆ ಮಾಡುವವರನ್ನು ನೇಮಿಸಲು, ಹಣ ಮಂಜೂರಾಗಲು ಸಮಯ ಹಿಡಿಯುತ್ತದೆ ಎಂದು ಬಲ್ಲೆವು. ಆದರೆ ಬಾಣಂತಿಯ ತವರಿನ ಊರು ಮತ್ತು ಅಲ್ಲಿನ ಫೋನ್ ನಂಬರನ್ನು ಡಿಸ್ಚಾರ್ಜ್ ಚೀಟಿಯ ಮೇಲೆ, ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಪೆನ್ನಿನಿಂದ ಬರೆಯಲು ಮಂಜೂರಾತಿ ಬೇಕಿಲ್ಲ. ಅದನ್ನು ನಾಳೆ ಬೆಳಗಿನ ಪಾಳಿಯಿಂದಲೇ ಶುರುಮಾಡಿಸಿ.

ಇಂತಿ,
ಆರೋಗ್ಯ ಸೇವೆಯ ಫಲಿತಾಂಶ ಅಳೆಯುವ ಕೆಲಸದಲ್ಲಿರುವ ಜಿಲ್ಲೆಯ ಕೆಲವರು
ರಾಯಚೂರು